ಮೂವತ್ತು ಆಯತ್, ಒಂದು ಮೊಬೈಲ್

ಬಾಲ್ಯದಲ್ಲಿ ಮದ್ರಸದಲ್ಲಿ ಕಲಿತ ನಾಲ್ಕಾರು ಚಿಕ್ಕ ಸೂರಃಗಳು. ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಕಾಲ ಬಂದರೂ ನಮಾಝ್‌ನಲ್ಲಿ ಅವೇ ಸೂರಃಗಳು. ನಮ್ಮಲ್ಲಿ ಅನೇಕ ಗೃಹಿಣಿಯರ ಸ್ಥಿತಿ ಇದು. ನಮಾಝ್ ಅದರಿಂದಲೂ ಸಿಂಧುವಾಗುತ್ತದೆ, ಸಂದೇಹವಿಲ್ಲ. ಆದರೆ ಇನ್ನಷ್ಟು ಕಲಿಯುವ ಆಸೆ ಇದ್ದವರೂ "ಈ ವಯಸ್ಸಿನಲ್ಲಿ ಎಲ್ಲಿ ಕಂಠಪಾಠ ಆಗುತ್ತದೆ?" ಎಂದು ಕೈಚೆಲ್ಲುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಮದುವೆಯಲ್ಲಿ ಯಾರು ಯಾರಿಗೆ ಎಷ್ಟು ಪವನಿನ ಬಳೆ ಹಾಕಿದ್ದರೆಂಬುದು ಮಾತ್ರ ಇವರಿಗೆ ಚೆನ್ನಾಗಿ ನೆನಪಿರುತ್ತದೆ! ಕಡಿಮೆಯಾಗಿರುವುದು ನೆನಪಿನ ಶಕ್ತಿಯಲ್ಲ, ಮತ್ತೆ ಮತ್ತೆ ಕೇಳಿಸುವವರು ಮತ್ತು ಹೇಳಿಸುವವರು.

ಆ ಕೆಲಸದ ಅರ್ಧಭಾಗವನ್ನು ಕೈಯಲ್ಲಿರುವ ಮೊಬೈಲ್ ಮಾಡಿಕೊಡಬಲ್ಲದು. ಸೂರಃ ಅಲ್-ಮುಲ್ಕನ್ನೇ ತೆಗೆದುಕೊಳ್ಳಿ. ಅದರಲ್ಲಿರುವುದು 30 ಆಯತ್‌ಗಳು. ದಿನಕ್ಕೆ ಒಂದರಂತೆ ಕಲಿತರೂ ಒಂದು ತಿಂಗಳ ಕೆಲಸ.

ಮೊದಲು ಒಬ್ಬ ಕಾರಿಯನ್ನು ಆರಿಸಿಕೊಳ್ಳಿ, ಕೊನೆಯವರೆಗೂ ಅವರನ್ನೇ ಕೇಳಿ. ಈಜಿಪ್ಟಿನ ಶೇಖ್ ಮಹ್ಮೂದ್ ಖಲೀಲ್ ಅಲ್-ಹುಸರಿಯವರ ಪಾರಾಯಣ ಕಲಿಯುವವರಿಗೆ ಬಹಳ ಅನುಕೂಲ. 1961ರಲ್ಲಿ ಸಂಪೂರ್ಣ ಕುರ್‌ಆನ್‌ನ ಮೊದಲ ಧ್ವನಿಮುದ್ರಣ ಹೊರಬಂದದ್ದು ಅವರ ಕಂಠದಲ್ಲೇ. ಅವಸರವಿಲ್ಲ, ಒಂದೊಂದು ಅಕ್ಷರವೂ ಸ್ಪಷ್ಟ. ಕುರ್‌ಆನ್ ಆ್ಯಪ್‌ಗಳಲ್ಲಿ ಒಂದೇ ಆಯತನ್ನು ಐದು ಅಥವಾ ಹತ್ತು ಬಾರಿ ಮರುಕಳಿಸುವ ಸೌಲಭ್ಯ ಇರುತ್ತದೆ. ಇಂದಿನ ಆಯತನ್ನು ಹಾಗೆ ಕೇಳಿದ ಮೇಲೆ, ನಿನ್ನೆಯದನ್ನೂ ಇಂದಿನದನ್ನೂ ಜೋಡಿಸಿ ಕೇಳಬೇಕು. ಬಿಡಿ ಬಿಡಿಯಾಗಿ ಎಲ್ಲ ಆಯತ್ ಬಂದರೂ ಒಂದು ಮುಗಿದ ಕೂಡಲೇ ಮುಂದಿನದರ ಮೊದಲ ಪದ ಹೊಳೆಯದೆ ನಿಂತುಬಿಡುವವರೇ ಹೆಚ್ಚು.

ಇನ್ನೊಂದು ಕಡೆ ಎಡವುವುದು ಒಂದೇ ರೀತಿ ಆರಂಭವಾಗುವ ಆಯತ್‌ಗಳಲ್ಲಿ. ಇದೇ ಸೂರಃದ 16 ಮತ್ತು 17ನೆಯ ಆಯತ್‌ಗಳ ಆರಂಭ ಹೆಚ್ಚು ಕಡಿಮೆ ಒಂದೇ. ಅರ್ಥ ತಿಳಿಯದವರು ಒಂದರಿಂದ ಇನ್ನೊಂದಕ್ಕೆ ಜಾರಿಬಿಡುತ್ತಾರೆ. ಮೊದಲನೆಯದು ಭೂಮಿ ನಮ್ಮನ್ನು ನುಂಗಿಬಿಡುವ ಬಗ್ಗೆ, ಎರಡನೆಯದು ಕಲ್ಲು ಸುರಿಸುವ ಬಿರುಗಾಳಿಯ ಬಗ್ಗೆ ಎಚ್ಚರಿಸುತ್ತದೆ. ಮೊದಲು ಕಾಲ ಕೆಳಗಿನ ನೆಲ, ಅನಂತರ ತಲೆಯ ಮೇಲಿನ ಆಕಾಶ, ಮುಂದೆ 19ರಲ್ಲಿ ಅದೇ ಆಕಾಶದಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಗಳು. ಕನ್ನಡ ಅನುವಾದವನ್ನು ಒಮ್ಮೆ ನಿಧಾನವಾಗಿ ಓದಿಕೊಂಡರೆ ಈ ಕ್ರಮ ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ.

ಅನುವಾದಕ್ಕೆ ಕನ್ನಡ ಸರಿ, ಪಾಠಕ್ಕೆ ಕನ್ನಡ ಲಿಪಿ ಬೇಡ. ಅರಬಿಯಲ್ಲಿ 'ಕಾಫ್' ಬೇರೆ, ಗಂಟಲ ಹತ್ತಿರದಿಂದ ಹೊರಡುವ 'ಖಾಫ್' ಬೇರೆ. ಕನ್ನಡದಲ್ಲಿ 'ಕಲ್ಬ್' ಎಂದು ಬರೆದರೆ ಅದು ಹೃದಯವೋ ನಾಯಿಯೋ ತಿಳಿಯುವುದು ಹೇಗೆ? ಅರಬಿ ಅಕ್ಷರ ಮರೆತವರು ಮೊದಲು ಅದನ್ನು ನೆನಪಿಸಿಕೊಳ್ಳಲಿ. ಮುಸ್‌ಹಫ್ ಕೂಡ ಒಂದೇ ಇರಲಿ. ನಮ್ಮ ಮನೆಗಳಲ್ಲಿ 13 ಸಾಲಿನದ್ದೂ ಇದೆ, 16 ಸಾಲಿನದ್ದೂ ಇದೆ. ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಕಾಣುವುದು 15 ಸಾಲಿನ, 604 ಪುಟಗಳ ಮದೀನಾ ಮುಸ್‌ಹಫ್. ಯಾವ ಆಯತ್ ಪುಟದ ಯಾವ ಮೂಲೆಯಲ್ಲಿದೆ ಎಂಬುದನ್ನು ಕಣ್ಣೂ ನೆನಪಿಟ್ಟುಕೊಳ್ಳುತ್ತದೆ. ಪದೇ ಪದೇ ಪುಟ ಬದಲಾದರೆ ಆ ಸಹಾಯ ತಪ್ಪಿಹೋಗುತ್ತದೆ.

ಅಡುಗೆಮನೆಯಲ್ಲಿ ಪಾರಾಯಣ ಹಾಕಿಟ್ಟು ಕೆಲಸ ಮಾಡಬಹುದೇ? ಕುರ್‌ಆನ್ ಓದಲಾಗುತ್ತಿರುವಾಗ ಮೌನವಾಗಿ ಆಲಿಸಬೇಕೆಂದು ಸೂರಃ ಅಲ್-ಅಅ್‌ರಾಫ್‌ನ 204ನೆಯ ಆಯತ್‌ನಲ್ಲಿ ಆದೇಶವಿದೆ. ತರಕಾರಿ ಹೆಚ್ಚುವಾಗ ಕಿವಿ ಮತ್ತು ಮನಸ್ಸು ಎರಡೂ ಅಲ್ಲಿರಬಲ್ಲವು. ಮಿಕ್ಸಿ ತಿರುಗುವಾಗ, ಪಕ್ಕದ ಮನೆಯವರು ಮಾತಿಗೆ ಬಂದಾಗ ನಿಲ್ಲಿಸುವುದೇ ಸರಿ ಎಂದು ನನಗನಿಸುತ್ತದೆ. ಮುಟ್ಟಿನ ದಿನಗಳಲ್ಲಿ ಪಾರಾಯಣ ಮಾಡುವ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ಆದರೆ ಕೇಳಲು ಅಡ್ಡಿಯಿಲ್ಲ. ಕಲಿಕೆಯ ಕೊಂಡಿ ಕಡಿಯದಿರಲು ಅದೊಂದು ಒಳ್ಳೆಯ ದಾರಿ.

ಕಲಿತದ್ದನ್ನು ಮುಸ್‌ಹಫ್ ಮುಚ್ಚಿಟ್ಟು ಓದಿ, ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ. ಮತ್ತೆ ಮುಸ್‌ಹಫ್ ತೆರೆದು ನಿಮ್ಮದೇ ಧ್ವನಿಯನ್ನು ಕೇಳಿ. ಮೊದಲ ದಿನ ನಾಚಿಕೆಯಾಗುತ್ತದೆ. ಆದರೆ ಬಿಟ್ಟುಹೋದ ಪದ, ಎಳೆಯಬೇಕಾದಲ್ಲಿ ಎಳೆಯದ ಸ್ವರ ತಾನಾಗಿ ಸಿಕ್ಕಿಬೀಳುತ್ತದೆ.

ಕಟ್ಟಿದ ಒಂಟೆ ತಪ್ಪಿಸಿಕೊಳ್ಳುವುದಕ್ಕಿಂತ ಬೇಗ ಕುರ್‌ಆನ್ ನೆನಪಿನಿಂದ ಜಾರುತ್ತದೆಂದು ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ. ಆದ್ದರಿಂದ ಹೊಸ ಪಾಠಕ್ಕಿಂತ ಹಳೆಯದರ ಪುನರಾವರ್ತನೆಗೇ ಹೆಚ್ಚು ಸಮಯ ಬೇಕು. ಮರುದಿನ, ಮೂರನೆಯ ದಿನ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ ಎಂದು ಅಲಾರಂ ಇಟ್ಟುಕೊಳ್ಳಿ. ಕಲಿತಷ್ಟನ್ನು ಸುನ್ನತ್ ನಮಾಝ್‌ಗಳಲ್ಲಿ ಓದಿ. ಪಾಠದ ಹೊತ್ತಿನಲ್ಲಿ ಇಂಟರ್‌ನೆಟ್ ಬಂದ್ ಮಾಡಿ. ಇಲ್ಲವಾದರೆ ಮೂರನೆಯ ಆಯತ್‌ಗೆ ಬರುವಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿರುತ್ತೀರಿ.

ಮೊಬೈಲ್‌ನ ಮಿತಿ ಇರುವುದು ತಿದ್ದುವುದರಲ್ಲಿ. ನಮ್ಮ ಓದನ್ನು ಆಲಿಸಿ ಬಿಟ್ಟುಹೋದ ಪದವನ್ನು ತೋರಿಸುವ ಆ್ಯಪ್‌ಗಳೂ ಈಗ ಬಂದಿವೆ. ಆದರೆ ಅಕ್ಷರ ಗಂಟಲಿನ ಯಾವ ಭಾಗದಿಂದ ಹೊರಟಿತೆಂಬ ವಿಷಯದಲ್ಲಿ ಅವನ್ನು ನಂಬಿ ಕೂರಲಾಗದು. ಪ್ರವಾದಿ(ಸ)ರವರೇ ಪ್ರತಿ ರಮಝಾನ್‌ನಲ್ಲಿ ಜಿಬ್ರೀಲ್(ಅ)ರೊಂದಿಗೆ ಕುರ್‌ಆನ್ ಪುನರಾವರ್ತಿಸುತ್ತಿದ್ದರು, ಕೊನೆಯ ವರ್ಷ ಎರಡು ಬಾರಿ. ವಾರಕ್ಕೊಮ್ಮೆಯಾದರೂ ತಜ್ವೀದ್ ಬಲ್ಲ ಒಬ್ಬ ಮಹಿಳೆಗೆ ಓದಿ ತೋರಿಸಿ. ಹತ್ತಿರದಲ್ಲಿ ಅಂಥವರಿಲ್ಲವೇ? ಮದ್ರಸಕ್ಕೆ ಹೋಗುವ ನಿಮ್ಮ ಮಗನೋ ಮಗಳೋ ಮನೆಯಲ್ಲೇ ಇದ್ದಾರಲ್ಲ, ಮುಸ್‌ಹಫನ್ನು ಅವರ ಕೈಗೆ ಕೊಟ್ಟು ಓದಿ. ಉಮ್ಮನ ತಪ್ಪು ಹಿಡಿಯುವ ಅವಕಾಶವನ್ನು ಯಾವ ಮಗುವೂ ಬಿಟ್ಟುಕೊಡುವುದಿಲ್ಲ.