ಎದೆಯ ಚಿತ್ರ, ಹಲವು ಬಗೆ

ಕ್ಷಯ ತಪಾಸಣೆಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಯ ಅಂಗಳಕ್ಕೇ ಬರುತ್ತಿವೆ. ಬರಲೇಬೇಕಿತ್ತು. 2019–21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಎಕ್ಸ್‌ರೇ ಬಿಟ್ಟು ಬರೀ ಕೆಮ್ಮು, ಜ್ವರ ವಿಚಾರಿಸಿದ್ದರೆ, ಪತ್ತೆಯಾದವರಲ್ಲಿ ಶೇ 42.6ರಷ್ಟು ಮಂದಿ ಕೈತಪ್ಪಿಹೋಗುತ್ತಿದ್ದರು. ಕೆಮ್ಮದವರ ಎದೆಯಲ್ಲೂ ಕ್ಷಯ ಕೂತಿರುತ್ತದೆ.

ಆದರೆ ಎಲ್ಲ ಎಕ್ಸ್‌ರೇಯೂ ಒಂದೇ ಅಲ್ಲ. ರೋಗಿಯನ್ನು ನಿಲ್ಲಿಸಿ, ಉಸಿರು ಬಿಗಿಹಿಡಿಸಿ, ಸುಮಾರು ಆರಡಿ ದೂರದಿಂದ ಬೆನ್ನ ಕಡೆಯಿಂದ ಕಿರಣ ಹಾಯಿಸಿದ ಚಿತ್ರವೇ ಇಂದಿಗೂ ಮೇಲು. ಮಲಗಿದವರಿಗೆ ಎದುರಿನಿಂದ ತೆಗೆದರೆ ಹೃದಯ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದರ ಹಿಂದಿನ ಮಚ್ಚೆ ಮರೆಯಾಗಬಹುದು. ಪಕ್ಕದಿಂದ ಇನ್ನೊಂದು ಚಿತ್ರ ತೆಗೆಯುವುದು ಅದಕ್ಕೇ. ಡಿಜಿಟಲ್ ಆದ ಮಾತ್ರಕ್ಕೆ ಈ ಜ್ಯಾಮಿತಿ ಬದಲಾಗದು.

ಚಿತ್ರ ಓದಲು ಕಂಪ್ಯೂಟರನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು, 15 ವರ್ಷ ದಾಟಿದವರಿಗೆ ಮಾತ್ರ. ರೇಡಿಯಾಲಜಿಸ್ಟ್ ಇಲ್ಲದ ತಾಲ್ಲೂಕಿಗೆ ಇದು ದೊಡ್ಡ ಆಸರೆ. ಮಕ್ಕಳ ಎದೆ ಓದಲು ಈಗಲೂ ಪಳಗಿದ ಕಣ್ಣೇ ಬೇಕು.

ಕ್ಯಾನ್ಸರ್ ವಿಷಯದಲ್ಲಿ ಲೆಕ್ಕವೇ ಬೇರೆ. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಹಾಲಿ, ಮಾಜಿ ಧೂಮಪಾನಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು: ಎಕ್ಸ್‌ರೇಗೆ ಹೋಲಿಸಿದರೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಶ್ವಾಸಕೋಶ ಕ್ಯಾನ್ಸರ್ ಸಾವನ್ನು ಶೇ 20ರಷ್ಟು ತಗ್ಗಿಸಿತ್ತು. ಆದರೆ ಸಿಟಿ ತೋರಿದ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರೇ ಆಗಿರಲಿಲ್ಲ. ಹಳೆಯ ಕ್ಷಯದ ಕಲೆಗಳೇ ತುಂಬಿರುವ ನಮ್ಮಲ್ಲಿ ಈ ಗೊಂದಲ ಇನ್ನೂ ಹೆಚ್ಚೀತು.

ಎಕ್ಸ್‌ರೇ ತೋರುವುದು ನೆರಳನ್ನು. ಕ್ಷಯವೆಂದು ಹೇಳುವುದು ಕಫ. ಯಂತ್ರ ಹೊತ್ತ ವಾಹನದಲ್ಲೇ ಕಫದ ಡಬ್ಬಿಯೂ ಬರಲಿ.