ಗಾಬ್ಲಿನ್ ಜತೆ ಮಾತಾಡಿ ಗೆದ್ದವರಿಗೂ ಅಂಕ ಸಿಗಲಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ನಿಯಮ ಪುಸ್ತಕಗಳು ಮೊನ್ನೆಮೊನ್ನೆ ಹೊಸ ರೂಪದಲ್ಲಿ ಬಂದವು. ಆಟಗಾರರ ಕೈಪಿಡಿ 2024ರ ಸೆಪ್ಟೆಂಬರಿನಲ್ಲಿ, ಆಟ ನಡೆಸುವವರ ಪುಸ್ತಕ ನವೆಂಬರಿನಲ್ಲಿ, ರಾಕ್ಷಸರ ಪುಸ್ತಕ 2025ರ ಫೆಬ್ರುವರಿಯಲ್ಲಿ. ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಇದನ್ನು ಆರನೆಯ ಆವೃತ್ತಿ ಎಂದು ಕರೆಯಲಿಲ್ಲ. 2014ರ ಐದನೆಯ ಆವೃತ್ತಿಯನ್ನೇ ತಿದ್ದಿ ಕೊಟ್ಟರು. ಅಂದರೆ ಆರನೆಯದು ಇನ್ನೂ ಬರಬೇಕು. ಅದು ಬರುವಾಗ ಹೊಡೆದಾಟವಿಲ್ಲದೆ ಗೆದ್ದವರಿಗೂ ನಿಯಮದಲ್ಲೇ ಲಾಭ ಇರಬೇಕು ಎಂಬುದು ನನ್ನ ದೊಡ್ಡ ಆಸೆ.

ಆಡಿ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಡಿಎಂ, ಕಥೆಯ ಜಗತ್ತನ್ನು ಕಣ್ಣಮುಂದೆ ತರುವವರು. ಉಳಿದವರಿಗೆ ಒಂದೊಂದು ಪಾತ್ರ. ಈಗ ಏನು ಮಾಡುತ್ತೀರಿ ಎಂದು ಡಿಎಂ ಕೇಳುತ್ತಾರೆ, ಆಟಗಾರರು ಹೇಳುತ್ತಾರೆ, ಆಗುತ್ತದೋ ಇಲ್ಲವೋ ಎಂಬಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ತಾಳಮದ್ದಲೆಯ ಮುಂದೆ ಕೂತು ಬೆಳಗು ಮಾಡಿದವರಿಗೆ ಇದರ ರುಚಿ ಬೇಗ ಹತ್ತೀತು. ಪಾತ್ರ ಮೊದಲೇ ಗೊತ್ತು, ಮಾತು ಮಾತ್ರ ಆ ಹೊತ್ತಿಗೆ, ಎದುರಿನವರ ಮಾತಿಗೆ ತಕ್ಕಂತೆ ಹುಟ್ಟಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಿತ್ತು. ಮೊದಲ ಮುದ್ರಣ ಸಾವಿರ ಪ್ರತಿ.

ಪಾತ್ರ ಬೆಳೆಯುವುದು ಅನುಭವದ ಅಂಕಗಳಿಂದ. ಆಟಗಾರರ ಬಾಯಲ್ಲಿ ಅದು ಎಕ್ಸ್‌ಪಿ. ಯಾವುದಕ್ಕೆ ಎಕ್ಸ್‌ಪಿ ಸಿಗುತ್ತದೋ ಮೇಜಿನಲ್ಲಿ ಅದೇ ನಡೆಯುತ್ತದೆ. ಇದೇ ಆಟದ 1981ರ ಬೇಸಿಕ್ ಪುಸ್ತಕ ತೆರೆದು ನೋಡಿ. ಗಾಬ್ಲಿನ್ ಎಂಬ ಪುಟ್ಟ ರಾಕ್ಷಸ ಒಂದು ಸೋತರೆ 5 ಎಕ್ಸ್‌ಪಿ. ಗುಹೆಯಿಂದ ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೆ ಒಂದೊಂದು ಎಕ್ಸ್‌ಪಿ. ಯೋಧ ಎರಡನೆಯ ಲೆವೆಲ್ ಮುಟ್ಟಲು 2000 ಬೇಕು. ಗಾಬ್ಲಿನ್ ಕೊಂದೇ ಏರುತ್ತೇನೆ ಎಂದು ಹೊರಟವನ ಪಾಲಿಗೆ 400 ಗಾಬ್ಲಿನ್ ಬರಬೇಕು, ಅಷ್ಟರಲ್ಲಿ ಅವನೇ ಉಳಿದಿರುವುದಿಲ್ಲ. ಹಾಗಾಗಿ ಆಗಿನ ಆಟಗಾರರು ಕದ್ದು ನುಗ್ಗಿದರು, ಆಮಿಷ ಒಡ್ಡಿದರು, ಸುಳ್ಳು ಹೇಳಿದರು, ಓಡಿಹೋದರು. ಎದುರಾದ ಪ್ರಾಣಿ ಏನು ಮಾಡುತ್ತದೆ ಎಂಬುದಕ್ಕೂ ಎರಡು ದಾಳದ ಒಂದು ಪಟ್ಟಿ ಇತ್ತು. 2 ಬಿದ್ದರೆ ಕೂಡಲೇ ಮೇಲೆ ಬೀಳುತ್ತದೆ, 12 ಬಿದ್ದರೆ ಗೆಳೆತನಕ್ಕೇ ಬರುತ್ತದೆ, ನಡುವೆ ಅನುಮಾನದ ಅಂಗಳ. ಸಂಗಡಿಗರು ಸಾಯುತ್ತಿದ್ದಂತೆ ಶತ್ರುಗಳ ಧೈರ್ಯ ಕುಸಿಯುತ್ತದೆಯೇ ಎಂದು ನೋಡಲು ಇನ್ನೊಂದು ನಿಯಮ. ರಾಕ್ಷಸರಿಗೂ ಜೀವದಾಸೆ ಇದೆ ಎಂಬುದನ್ನು ಆ ತೆಳ್ಳಗಿನ ಪುಸ್ತಕ ಮರೆತಿರಲಿಲ್ಲ.

ಐದನೆಯ ಆವೃತ್ತಿಯಲ್ಲಿ ಗಾಬ್ಲಿನ್ ಒಂದಕ್ಕೆ 50 ಎಕ್ಸ್‌ಪಿ, ಎರಡನೆಯ ಲೆವೆಲ್‌ಗೆ 300. ಆರು ಗಾಬ್ಲಿನ್ ಮುಗಿದರೆ ಏರಿದ ಹಾಗೆಯೇ. ಚಿನ್ನಕ್ಕೆ ಏನೂ ಇಲ್ಲ. ಹೋರಾಟವಿಲ್ಲದ ಸವಾಲಿಗೂ ಅಂಕ ಕೊಡಬಹುದು ಎಂಬ ಸಲಹೆ 2014ರ ಡಿಎಂ ಪುಸ್ತಕದಲ್ಲಿದೆ, ಶತ್ರುಗಳ ಧೈರ್ಯದ ನಿಯಮವೂ ಇದೆ. ಎರಡೂ ಬೇಕಾದರೆ ಬಳಸಿ ಎಂಬ ಸಾಲಿಗೆ ಸೇರಿದವು. ಬೇಕಾದರೆ ಎಂದಿರುವುದನ್ನು ಹೊಸ ಡಿಎಂ ಮುಟ್ಟುವುದಿಲ್ಲ. ಈಗ ಎಷ್ಟೋ ಮೇಜುಗಳಲ್ಲಿ ಎಕ್ಸ್‌ಪಿ ಲೆಕ್ಕವನ್ನೇ ಬಿಟ್ಟು, ಕಥೆ ಒಂದು ಘಟ್ಟ ಮುಟ್ಟಿದಾಗ ಎಲ್ಲರನ್ನೂ ಒಟ್ಟಿಗೆ ಏರಿಸುತ್ತಾರೆ. ಅನುಕೂಲ ಹೌದು. ಆದರೆ ಆಗ ಉಪಾಯ ಮಾಡಿ ದಾಟಿದವರಿಗೂ ಕತ್ತಿ ಬೀಸಿ ದಾಟಿದವರಿಗೂ ಫಲ ಒಂದೇ. ತಲೆ ಓಡಿಸಿದವರಿಗೆ ಆಟ ಭೇಷ್ ಎನ್ನುವುದೇ ಇಲ್ಲ.

ಇದೇ ಆವೃತ್ತಿಯ ಜತೆ 2014ರಲ್ಲಿ ಬಂದ ಆರಂಭಿಕರ ಪೆಟ್ಟಿಗೆಯಲ್ಲಿ ಒಂದು ಸಾಹಸವಿದೆ, ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್. ದಾರಿಗೆ ಅಡ್ಡಲಾಗಿ ಸತ್ತ ಎರಡು ಕುದುರೆಗಳು, ಪೊದೆಯಲ್ಲಿ ಗಾಬ್ಲಿನ್‌ಗಳ ಹೊಂಚು. ಅಲ್ಲಿಂದ ಜಾಡು ಹಿಡಿದು ಗುಹೆ ಹೊಕ್ಕರೆ ಯೀಮಿಕ್ ಎಂಬ ಗಾಬ್ಲಿನ್ ಸಿಗುತ್ತಾನೆ. ಸಿಲ್ಡರ್ ಎಂಬ ಸೆರೆಯಾಳನ್ನು ದಿಬ್ಬದ ಅಂಚಿಗೆ ಎಳೆದು ತಂದು ನಿಲ್ಲಿಸಿ ವ್ಯಾಪಾರಕ್ಕೆ ಇಳಿಯುತ್ತಾನೆ: ನಮ್ಮ ನಾಯಕ ಕ್ಲಾರ್ಗ್‌ನ ತಲೆ ತಂದುಕೊಡಿ, ಇವನನ್ನು ಬಿಡುತ್ತೇನೆ. ತಲೆ ತಂದ ಮೇಲೂ ಮಾತಿಗೆ ತಪ್ಪಿ ಹಣ ಕೇಳಬೇಕೆಂಬುದು ಅವನ ಒಳಸಂಚು. ಈ ಆಟ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಘಟ್ಟವನ್ನೇ. ಹೊಂಚಿನಲ್ಲಿ ಹೊಡೆದ ಏಟುಗಳ ಲೆಕ್ಕ ಯಾರಿಗೂ ನೆನಪಿರುವುದಿಲ್ಲ, ಯೀಮಿಕ್ ಜತೆಗಿನ ಚೌಕಾಸಿ ಎಲ್ಲರಿಗೂ ನೆನಪಿರುತ್ತದೆ. ಅಂಥ ಘಟ್ಟ ಒಬ್ಬ ಒಳ್ಳೆಯ ಬರಹಗಾರನ ಕೈಯಿಂದ ಅಪರೂಪಕ್ಕೆ ಬರುವ ಬದಲು ನಿಯಮದಿಂದಲೇ ಮೇಲಿಂದ ಮೇಲೆ ಹುಟ್ಟಬೇಕು.

2024ರ ಪುಸ್ತಕ ಈ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿದೆ, ಅದಕ್ಕೆ ಮನಸಾರೆ ಮೆಚ್ಚುಗೆ. ಇನ್‌ಫ್ಲುಯೆನ್ಸ್ ಎಂಬ ಕ್ರಿಯೆ ಈಗ ಆಟಗಾರರ ಕೈಪಿಡಿಯಲ್ಲೇ ಇದೆ. ಎದುರಿನ ಪ್ರಾಣಿ ಒಪ್ಪಲೋ ಬಿಡಲೋ ಎಂದು ಹಿಂದೆಮುಂದೆ ನೋಡುತ್ತಿದ್ದರೆ 15 ಅಥವಾ ಅದರ ಬುದ್ಧಿಮತ್ತೆಯ ಅಂಕ, ಯಾವುದು ಹೆಚ್ಚೋ ಅದನ್ನು ದಾಳದಲ್ಲಿ ಮುಟ್ಟಬೇಕು. ಮಾತಿಗೂ ಒಂದು ನಿಯಮ ಸಿಕ್ಕಿತು. ಒಪ್ಪಿಸಿದ್ದಕ್ಕೆ ಎಷ್ಟು ಎಕ್ಸ್‌ಪಿ ಎಂಬುದೂ ಅದರ ಪಕ್ಕದಲ್ಲೇ ಅಚ್ಚಾಗಬೇಕು.

ಪ್ರಯಾಣಕ್ಕೂ ಇದೇ ಮಾತು. 2014ರಲ್ಲಿ ರೇಂಜರ್ ಪಾತ್ರಕ್ಕೆ ಕೊಟ್ಟಿದ್ದ ಶಕ್ತಿಯೊಂದರಿಂದ, ಅವನಿಗೆ ಪರಿಚಿತವಾದ ಕಾಡಿನಲ್ಲಿ ಮಾಟಮಂತ್ರವಿಲ್ಲದೆ ತಂಡಕ್ಕೆ ದಾರಿಯೇ ತಪ್ಪುತ್ತಿರಲಿಲ್ಲ. ಕಾಡಿನ ಕಥೆ ಬೇಕೆಂದು ರೇಂಜರ್ ಆರಿಸಿಕೊಂಡವನಿಗೆ ಕಾಡೇ ಇಲ್ಲವಾಯಿತು. 2024ರಲ್ಲಿ ಆ ನಿಯಮ ಹೋಗಿದೆ. ಹಸಿವು, ಮಳೆ, ತಪ್ಪಿದ ಹಾದಿ ಇವುಗಳಲ್ಲಿ ನಿರ್ಧಾರ ಮಾಡಿ ಗೆಲ್ಲುವ ಸಂತೋಷವನ್ನು ಆರನೆಯ ಆವೃತ್ತಿ ಕೊಡಬೇಕು.

ಕೊನೆಯದು ಪರವಾನಗಿಯ ವಿಷಯ. 2023ರ ಜನವರಿಯಲ್ಲಿ ಕಂಪನಿ, ಬೇರೆಯವರೂ ಈ ನಿಯಮಗಳನ್ನು ಬಳಸಲು ಬಿಡುತ್ತಿದ್ದ ಹಳೆಯ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಹೊರಟಾಗ ಆಟಗಾರರು, ಸಣ್ಣ ಪ್ರಕಾಶಕರು ಸಿಡಿದೆದ್ದರು. ಅದೇ ತಿಂಗಳ ಕೊನೆಗೆ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಡಬೇಕಾಯಿತು, ಹಿಂಪಡೆಯಲು ಬಾರದ ಹಾಗೆ. 2024ರ ನಿಯಮಗಳ ದಾಖಲೆಯೂ ಹಾಗೆಯೇ ಬಂತು, ಆದರೆ ಕೈಪಿಡಿ ಮಾರಾಟಕ್ಕೆ ಬಂದು ತಿಂಗಳುಗಳು ಕಳೆದ ಮೇಲೆ, 2025ರ ಏಪ್ರಿಲ್‌ನಲ್ಲಿ. ಆರನೆಯದರಲ್ಲಿ ಅದು ಮೊದಲ ದಿನವೇ ಸಿಗಲಿ. ಐವತ್ತು ಡಾಲರಿನ ಮೂರು ಪುಸ್ತಕ ಕೊಳ್ಳಲಾಗದ ನಮ್ಮ ಕಾಲೇಜು ಹುಡುಗ ಹುಡುಗಿಯರು ಆ ಉಚಿತ ದಾಖಲೆಯಿಂದಲೇ ಆಟ ಶುರು ಮಾಡಬಹುದು. ಅದನ್ನು ಕನ್ನಡಕ್ಕೆ ತರಲು, ಅಚ್ಚು ಹಾಕಿ ಮಾರಲು ಯಾರ ಅಪ್ಪಣೆಯೂ ಬೇಡ. ಮೂಲ ಯಾರದೆಂದು ಪರವಾನಗಿ ಹೇಳಿದ ರೀತಿಯಲ್ಲಿ ನಮೂದಿಸಿದರೆ ಸಾಕು.