ಕೀಚಕನಿಗೇಕೆ ಈ ಕರತಾಡನ?

ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಚರ್ಚೆ ನಡೆಯದ ಜಗಲಿಯಿಲ್ಲ. ರಾತ್ರಿ ಆಟವನ್ನು ನೋಡಿ ಬಂದವರು ಮರುದಿನ ಕವಳದ ತಟ್ಟೆಯ ಸುತ್ತ ಕುಳಿತು ಭಾಗವತರ ಸ್ವರವನ್ನೂ ವೇಷಗಳ ಹೆಜ್ಜೆಯನ್ನೂ ಅರ್ಥದ ಮಾತನ್ನೂ ತೂಗಿ ನೋಡುವದು ಇಲ್ಲಿಯ ಹಳೆಯ ರೂಢಿ. ಈಚೆಗೆ ಈ ಚರ್ಚೆಯು ಎರಡು ಪಕ್ಷಗಳಾಗಿ ಒಡೆದಿದೆ. ಮೂರು ನಾಲ್ಕು ತಾಸುಗಳ ಕಾಲಮಿತಿಯು ಕಲೆಯ ಕತ್ತನ್ನು ಹಿಸುಕಿತೆಂದು ಒಂದು ಪಕ್ಷದವರು ಹೇಳುವರು. ಬೆಳಗಿನವರೆಗೆ ಎಳೆಯುವ ಆಟಕ್ಕೆ ಈ ಕಾಲದಲ್ಲಿ ಯಾರಿಗೂ ಪುರುಸೊತ್ತಿಲ್ಲವೆಂದು ಮತ್ತೊಂದು ಪಕ್ಷದವರು ಹೇಳುವರು. ಇಬ್ಬರೂ ದೂರನ್ನು ಗಡಿಯಾರದ ಮೇಲೆ ಹಾಕುತ್ತಾರೆ. ಗಡಿಯಾರವು ನಿರಪರಾಧಿಯೆಂದೂ ತಪ್ಪು ಪ್ರೇಕ್ಷಕರಾದ ನಮ್ಮದೆಂದೂ ತೋರಿಸುವದು ಈ ಲೇಖನದ ಉದ್ದೇಶವು.

ಮೊದಲು ನನ್ನ ಅಪರಾಧವನ್ನೇ ಒಪ್ಪಿಕೊಳ್ಳುವೆನು. ಹೊನ್ನಾವರದ ಹತ್ತಿರ, ಕೊಯಿಲು ಮುಗಿದ ಒಂದು ಗದ್ದೆಯ ಬಯಲಿನಲ್ಲಿ ‘ಕೀಚಕವಧೆ’ಯ ಆಟವಿತ್ತು. ಹನ್ನೆರಡು ವರುಷದ ಮಗಳನ್ನು ಕರೆದುಕೊಂಡು ಹೋಗಿದ್ದೆನು. ಕೀಚಕನ ಪ್ರವೇಶವಾಯಿತು. ಚಂಡೆ ಮದ್ದಳೆಗಳು ಏರಿದವು. ವೇಷಧಾರಿಯು ಸಮರ್ಥನು, ಅವನ ಕಾಲಿನಲ್ಲಿ ತಾಳವು ತಪ್ಪಲಿಲ್ಲ, ಕಣ್ಣಿನಲ್ಲಿ ಭಾವವು ತಪ್ಪಲಿಲ್ಲ. ಸೈರಂಧ್ರಿಯನ್ನು ಕಂಡು ಅವನು ದಾರಿಗೆ ಅಡ್ಡಬಂದು ಕುಣಿದಾಗ ಬಯಲೆಲ್ಲ ಶಿಳ್ಳೆಯಿಂದ ತುಂಬಿತು. ಒಂದೇ ಪದ್ಯಕ್ಕೆ ಮತ್ತೆ ಮತ್ತೆ ಕುಣಿತವಾಯಿತು. ಅವಳು ಹಿಂದೆ ಸರಿದಂತೆಲ್ಲ ಜನರು ನಕ್ಕರು. ನಾನೂ ಚಪ್ಪಾಳೆ ತಟ್ಟಿದೆನು. ಮುಂದೆ ವಿರಾಟನ ಸಭೆಯಲ್ಲಿ ಒದೆತವನ್ನು ತಿಂದ ಸೈರಂಧ್ರಿಯು ನೆಲದಿಂದ ಎದ್ದು ನ್ಯಾಯವನ್ನು ಕೇಳುವ ಪದ್ಯಕ್ಕೆ ಭಾಗವತರು ತೊಡಗಿದರು. ಆಗ ಬಯಲಿನ ಅರ್ಧ ಜನರು ಎದ್ದರು. ಚಹದ ಅಂಗಡಿಯ ಮುಂದೆ ಸಾಲು ಬೆಳೆಯಿತು. ಅದನ್ನು ಕಂಡೋ ಏನೋ, ಎರಡು ಪದ್ಯಗಳನ್ನು ಹಾರಿಸಿ ಭಾಗವತರು ವಲಲನ ಪ್ರವೇಶಕ್ಕೆ ಕೈಹಚ್ಚಿದರು. ಮನೆಗೆ ಬರುವಾಗ ಮಗಳು ಕೇಳಿದಳು: “ಅಪ್ಪಯ್ಯಾ, ಅವಳು ಅಳ್ತಾ ಇದ್ದಾಗ ಎಲ್ಲರೂ ಚಾ ಕುಡೀಲಿಕ್ಕೆ ಎದ್ದು ಹೋದ್ರಲ್ಲ, ಯಾಕೆ?” ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಲು ಹೊರಟು ಈ ಲೇಖನವನ್ನು ಬರೆಯುವಂತಾಯಿತು.

ಕೀಚಕವಧೆಯು ಯಾರ ಕಥೆ? ಮಹಾಭಾರತವನ್ನು ಬಲ್ಲವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣುವದು. ಸಾಮ್ರಾಜ್ಞಿಯಾದವಳು ದಾಸಿಯಾಗಿದ್ದಾಳೆ. ಒಡತಿಯಾದ ಸುದೇಷ್ಣೆಯೇ ಅವಳನ್ನು ತಮ್ಮನ ಮನೆಗೆ ಮದ್ಯದ ನೆಪದಲ್ಲಿ ಕಳಿಸುತ್ತಾಳೆ. ತುಂಬಿದ ಸಭೆಯಲ್ಲಿ ಕೀಚಕನು ಅವಳನ್ನು ಒದೆಯುವಾಗ ರಾಜನು ಸುಮ್ಮನಿರುತ್ತಾನೆ. ಕಂಕನ ವೇಷದ ಗಂಡನೂ ಸುಮ್ಮನಿರುತ್ತಾನೆ. ಸಭೆಯು ಕೊಡದ ನ್ಯಾಯವನ್ನು ಅವಳು ನಡುರಾತ್ರಿಯಲ್ಲಿ ಅಡಿಗೆಯ ಮನೆಗೆ ಹೋಗಿ ಭೀಮನಿಂದ ಪಡೆಯಬೇಕಾಗುತ್ತದೆ. ಕುಮಾರವ್ಯಾಸನು ವಿರಾಟಪರ್ವದಲ್ಲಿ ಈ ರಾತ್ರಿಯ ಸಂದರ್ಭಕ್ಕೆ ಎಷ್ಟು ವಿಸ್ತಾರವನ್ನು ಕೊಟ್ಟಿದ್ದಾನೆಂಬುದನ್ನು ನಮ್ಮ ಮನೆಗಳಲ್ಲಿ ಭಾರತ ವಾಚನವನ್ನು ಕೇಳಿದ ಹಿರಿಯರೆಲ್ಲ ಬಲ್ಲರು. ಆ ಮಹಾಕವಿಗೆ ದ್ರೌಪದಿಯ ದುಃಖವು ಮುಖ್ಯವಾಗಿತ್ತು. ಆರು ನೂರು ವರುಷಗಳ ತರುವಾಯ ವಿದ್ಯಾವಂತರಾದ ನಮಗೆ ಆ ಹೊತ್ತು ಚಹಕ್ಕೆ ಅನುಕೂಲವಾಗಿ ಕಂಡಿತು!

ಒಂದು ರಾತ್ರಿಯ ನಡತೆಗೆ ಇಷ್ಟು ಆಗ್ರಹವೇತಕ್ಕೆ ಎಂದು ಕೇಳಬಹುದು. ಯಕ್ಷಗಾನದ ರಚನೆಯೇ ಇದಕ್ಕೆ ಉತ್ತರವು. ಅಚ್ಚಾದ ನಾಟಕದಲ್ಲಿ ಪಾತ್ರಧಾರಿಯು ಕವಿಯು ಬರೆದ ಮಾತನ್ನು ಒಪ್ಪಿಸುತ್ತಾನೆ. ಪ್ರೇಕ್ಷಕನು ನಗಲಿ, ಅಳಲಿ, ಪುಸ್ತಕದ ಒಂದಕ್ಷರವೂ ಬದಲಾಗದು. ನಮ್ಮ ಆಟದ ರೀತಿಯು ಬೇರೆ. ವ್ಯಾಸನ ಕಥೆಯನ್ನು ಕನ್ನಡದ ಕವಿಯು ತನ್ನ ಪ್ರೀತಿಯಂತೆ ತಿರುಗಿ ಕಟ್ಟಿದನು. ಅದನ್ನು ಪ್ರಸಂಗಕರ್ತನು ಹಾಡಾಗಿ ಕಟ್ಟಿದನು. ಯಾವ ಹಾಡನ್ನು ಹಿಡಿಯಬೇಕು, ಯಾವದನ್ನು ಬಿಡಬೇಕೆಂಬುದನ್ನು ಭಾಗವತರು ರಂಗದಲ್ಲಿಯೇ ನಿರ್ಣಯಿಸುತ್ತಾರೆ. ಮಾತನ್ನಂತೂ ಅರ್ಥ ಹೇಳುವವನು ನಿಂತ ನಿಲುವಿನಲ್ಲಿ ಹುಟ್ಟಿಸುತ್ತಾನೆ. ಹೀಗೆ ಕೈಯಿಂದ ಕೈಗೆ ಬಂದ ಕಥೆಯ ಕೊನೆಯ ಕರ್ತೃವು ಪ್ರೇಕ್ಷಕನು. ಈ ರಾತ್ರಿ ಎಲ್ಲಿ ಶಿಳ್ಳೆ ಬಿತ್ತೋ ಅದು ನಾಳೆಯ ಆಟದಲ್ಲಿ ಇಮ್ಮಡಿಯಾಗುವದು. ಎಲ್ಲಿ ಜನರು ಎದ್ದರೋ ಅದು ನಾಡಿದ್ದಿನ ಆಟದಲ್ಲಿ ಇರಲಾರದು. ಲೇಖನಿಯಿಲ್ಲದೆ ನಾವು ಪ್ರಸಂಗವನ್ನು ತಿದ್ದುತ್ತಿದ್ದೇವೆ. ಕೆಟ್ಟದಾಗಿ ತಿದ್ದಿದರೆ ಅದರ ಹೊಣೆಯು ನಮ್ಮದೇ.

ಪ್ರೇಕ್ಷಕನ ಶಕ್ತಿಗೆ ನಮ್ಮ ಜಿಲ್ಲೆಯ ಇತಿಹಾಸದಲ್ಲಿಯೇ ಸಾಕ್ಷ್ಯವಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಆಟವನ್ನಾಡಿತು. ಅದನ್ನು ನೋಡಿದ ಸಾಂಗಲಿಯ ಒಡೆಯರಾದ ಚಿಂತಾಮಣರಾವ್ ಪಟವರ್ಧನರು ಇಂತಹದೊಂದು ಮರಾಠಿಯಲ್ಲಿಯೂ ಆಗಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ವು ರಂಗಕ್ಕೆ ಬಂದಿತು, ಮರಾಠಿ ರಂಗಭೂಮಿಯು ಅಲ್ಲಿಂದ ತನ್ನ ಆರಂಭವನ್ನು ಎಣಿಸುವದು. ಒಬ್ಬ ಪ್ರೇಕ್ಷಕನ ಅಪೇಕ್ಷೆಯಿಂದ ಒಂದು ರಂಗಭೂಮಿಯೇ ಹುಟ್ಟಬಹುದಾದರೆ, ಸಾವಿರ ಪ್ರೇಕ್ಷಕರ ಅನಾದರದಿಂದ ಒಂದು ಪಾತ್ರವು ಸಾಯುವದರಲ್ಲಿ ಆಶ್ಚರ್ಯವೇನು?

ಇನ್ನು ಕಾಲದ ಲೆಕ್ಕವನ್ನು ನೋಡೋಣ. ರಾತ್ರಿಯೆಲ್ಲ ಎಂಟು ತಾಸು ನಡೆಯುವ ಆಟದಲ್ಲಿ ಕೀಚಕನ ಶೃಂಗಾರದ ಕುಣಿತಕ್ಕೆ ಒಂದು ತಾಸು ಸಲ್ಲುತ್ತಿತ್ತೆಂದು ಇಟ್ಟುಕೊಳ್ಳಿರಿ. ಅದು ಎಂಟರಲ್ಲಿ ಒಂದು ಪಾಲು. ಆಟವು ಮೂರು ತಾಸಿಗೆ ಇಳಿದಾಗ ಆ ಕುಣಿತವೂ ಅದೇ ಪ್ರಮಾಣದಲ್ಲಿ ಇಳಿಯಬೇಕಷ್ಟೆ? ಇಳಿಯುವದಿಲ್ಲ. ಜನರು ಬಂದದ್ದೇ ಅದಕ್ಕೆಂದು ಅದು ಒಂದು ತಾಸಾಗಿಯೇ ಉಳಿಯುವದು. ಆಗ ಅದು ಇಡೀ ಆಟದ ಮೂರರಲ್ಲಿ ಒಂದು ಪಾಲು. ಉಳಿದ ಎರಡು ತಾಸುಗಳಲ್ಲಿ ಅಜ್ಞಾತವಾಸವೂ ಸುದೇಷ್ಣೆಯ ಕಪಟವೂ ಸಭೆಯೂ ಅಡಿಗೆಯ ಮನೆಯೂ ನಾಟ್ಯಶಾಲೆಯ ವಧೆಯೂ ಇಕ್ಕಟ್ಟಿಗೆ ಸಿಕ್ಕಿ ನಲುಗುವವು. ಕಾಲಮಿತಿಯು ಎಲ್ಲವನ್ನೂ ಸಮನಾಗಿ ಕುಗ್ಗಿಸಿದ್ದರೆ ಚಿತ್ರವು ಸಣ್ಣದಾಗುತ್ತಿತ್ತು, ವಿಕಾರವಾಗುತ್ತಿರಲಿಲ್ಲ. ನಮ್ಮ ಶಿಳ್ಳೆಯು ಮೂಗನ್ನು ಇದ್ದಷ್ಟೇ ಇಟ್ಟು ಮುಖವನ್ನು ಕುಗ್ಗಿಸಿತು.

ಕಾಲಮಿತಿಯು ಬೇಡವೆಂದು ನಾನು ಹೇಳುವದಿಲ್ಲ. ಬೆಳಿಗ್ಗೆ ಕಚೇರಿ ಶಾಲೆಗಳಿಗೆ ಹೋಗುವವರು ಹೆಚ್ಚಿದ್ದಾರೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವು ಅವರ ಮಗ ಶಂಭು ಹೆಗಡೆಯವರ ಕಾಲದಲ್ಲಿ ಹಿತಮಿತವಾದ ಅವಧಿಯಲ್ಲಿಯೂ ಪಾತ್ರದ ಒಳಮನಸ್ಸನ್ನು ತೋರಿಸಬಹುದೆಂದು ಸಿದ್ಧಪಡಿಸಿತು. ಶಿವರಾಮ ಕಾರಂತರು ಮಾತನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿ ಹಾಡು ಕುಣಿತಗಳಿಂದಲೇ ಕಥೆಯನ್ನು ನಡೆಯಿಸುವ ಪ್ರಯೋಗಗಳನ್ನು ಮಾಡಿದರು. ಅವರೊಡನೆ ಭಿನ್ನಾಭಿಪ್ರಾಯವಿರಬಹುದು, ಆದರೆ ಏನನ್ನು ಬಿಡುತ್ತೇವೆ, ಏತಕ್ಕೆ ಬಿಡುತ್ತೇವೆಂಬ ವಿಚಾರವು ಅವರಿಗಿತ್ತು. ಕತ್ತರಿಯು ವಿವೇಕದ ಕೈಯಲ್ಲಿದ್ದರೆ ಅರಿವೆಯು ಅಂಗಿಯಾಗುವದು. ಗದ್ದಲದ ಕೈಯಲ್ಲಿದ್ದರೆ ಚಿಂದಿಯಾಗುವದು.

ಇಲ್ಲಿ ಮಿತ್ರರು ಮೂರು ಆಕ್ಷೇಪಗಳನ್ನು ತರುವರು.

ಒಂದನೆಯದು: “ಖಳನನ್ನು ಮೆಚ್ಚುವದು ನಮ್ಮ ಹಳೆಯ ಸಂಪ್ರದಾಯವಲ್ಲವೆ? ಕೌರವನ ಪಾತ್ರಕ್ಕೆ ಕಣ್ಣೀರು ಸುರಿಸುವವರು ಕೀಚಕನಿಗೆ ಚಪ್ಪಾಳೆ ತಟ್ಟಿದರೆ ತಪ್ಪೇನು?” ಕೌರವನಿಗೆ ಕಣ್ಣೀರು ಹೇಗೆ ಬಂದಿತೆಂಬುದನ್ನು ವಿಚಾರಿಸಿರಿ. ರನ್ನನ ‘ಗದಾಯುದ್ಧ’ದಲ್ಲಿ ಹೆಸರಿಗೆ ನಾಯಕನು ಭೀಮ, ಓದುಗರ ಮನಸ್ಸನ್ನು ಸೆಳೆದವನು ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ ಅವನು ದ್ರೋಣನನ್ನು ಕಾಣುತ್ತಾನೆ, ಶತ್ರುಪಕ್ಷದ ಅಭಿಮನ್ಯುವನ್ನು ಕಂಡು ತಲೆಬಾಗುತ್ತಾನೆ, ಮಗನನ್ನು, ತಮ್ಮನನ್ನು, ಕರ್ಣನನ್ನು ಕಾಣುತ್ತಾನೆ. ಆ ನಡಿಗೆಯು ನಿಧಾನವಾದದ್ದು. ಒಂದೊಂದು ಹೆಣದ ಮುಂದೆ ನಿಂತಾಗಲೂ ನಮ್ಮ ದ್ವೇಷವು ಒಂದೊಂದು ಪದರ ಕಳಚುವದು. ಕವಿಯು ನಿಧಾನದಿಂದ ಗಳಿಸಿಕೊಟ್ಟ ಅನುಕಂಪವದು. ಕೀಚಕನಿಗೆ ಯಾವ ಕವಿಯೂ ಅಂತಹ ನಡಿಗೆಯನ್ನು ಕೊಟ್ಟಿಲ್ಲ. ಅವನಿಗೆ ದೊರೆಯುವ ಚಪ್ಪಾಳೆಯು ಚಂಡೆಯ ಏರಿನಿಂದ ಬಂದದ್ದು. ಅದನ್ನು ಅನುಕಂಪವೆಂದು ಕರೆಯುವದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಎರಡನೆಯದು: “ನೀವು ರಸದ ವೈರಿಗಳು. ಶೃಂಗಾರವಿಲ್ಲದೆ ಆಟವುಂಟೆ?” ಈ ಮಹನೀಯರಿಗೆ ಆಲಂಕಾರಿಕರೇ ಉತ್ತರವನ್ನು ಕೊಟ್ಟಿದ್ದಾರೆ. ಒಂದೇ ಕಡೆಯಿಂದ ಹುಟ್ಟಿದ, ಮತ್ತೊಂದು ಕಡೆಗೆ ಅಸಹ್ಯವಾದ ರತಿಯು ರಸವಲ್ಲ, ರಸಾಭಾಸವೆಂದು ಅವರ ಮತವು. ಸೀತೆಯ ಮೇಲಿನ ರಾವಣನ ಮೋಹವು ಅದಕ್ಕೆ ಪ್ರಸಿದ್ಧವಾದ ಉದಾಹರಣೆ. ಕೀಚಕನದೂ ಅದೇ ಜಾತಿಯದು. ರಸಾಭಾಸವನ್ನು ಅಭಿನಯಿಸಬಾರದೆಂದಲ್ಲ. ಅದನ್ನು ಅಭಿನಯಿಸುವದು ಬಹಳ ಕಷ್ಟದ ಕೆಲಸ. ನೋಡುವದೂ ಅಷ್ಟೇ ಕಷ್ಟದ ಕೆಲಸ. ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು, 2012ರಲ್ಲಿ ಪದ್ಮಶ್ರೀಯನ್ನು ಪಡೆದು 2017ರಲ್ಲಿ ತೀರಿಕೊಂಡವರು, ಕೀಚಕ ಭಸ್ಮಾಸುರರಂತಹ ಪಾತ್ರಗಳಿಗೆ ಮನೆಮಾತಾಗಿದ್ದರು. ಮೋಹಿನಿಯ ಹೆಜ್ಜೆಯನ್ನು ಅನುಸರಿಸುತ್ತ ತನ್ನ ತಲೆಯ ಮೇಲೆ ತಾನೇ ಕೈಯಿಡುವ ಭಸ್ಮಾಸುರನನ್ನು ಕಂಡು ನಗುವದು ಯೋಗ್ಯವೇ; ಅಲ್ಲಿ ಕಥೆಯೇ ಮೋಹಿನಿಯ ಪಕ್ಷದಲ್ಲಿ ನಿಂತು ಅವನನ್ನು ನೋಡಿ ನಗುತ್ತದೆ. ಸೈರಂಧ್ರಿಯು ಹಿಂದೆ ಸರಿಯುವಾಗ ನಕ್ಕರೆ ನಾವು ನಿಂತದ್ದು ಯಾರ ಪಕ್ಷದಲ್ಲಿ? ಕೀಚಕನ ಕುಣಿತವನ್ನು ಮೆಚ್ಚಿರಿ, ಕಲಾವಿದನ ಶ್ರಮಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿರಿ. ಆದರೆ ಅವಳ ಭಯವನ್ನು ವಿನೋದವೆಂದು ತಿಳಿಯಬೇಡಿರಿ. ನಮ್ಮ ಬದಿಯಲ್ಲಿ ನಮ್ಮ ಹೆಣ್ಣುಮಕ್ಕಳು ಕುಳಿತಿದ್ದಾರೆ. ಪೇಟೆಯ ದಾರಿಯಲ್ಲಿ ಒಬ್ಬನು ಅವರಿಗೆ ಅಡ್ಡಬಂದರೆ ನೆರೆದವರು ಏನು ಮಾಡುವರೆಂಬುದನ್ನು ಅವರು ಈ ಬಯಲಿನಲ್ಲಿಯೂ ಕಲಿಯುತ್ತಿದ್ದಾರೆ.

ಮೂರನೆಯದು: “ಪುರಾಣದ ಕಥೆಗಳು ಹಳಸಿವೆ, ಕಾಲ್ಪನಿಕ ಪ್ರಸಂಗಗಳೇ ಈಗಿನ ಜನರಿಗೆ ರುಚಿಸುವವು.” ಕಲ್ಪನೆಯ ಮೇಲೆ ನನಗೆ ಹಗೆತನವಿಲ್ಲ. ನಂದಳಿಕೆಯ ಮುದ್ದಣ ಕವಿಯೇ ‘ರತ್ನಾವತಿ ಕಲ್ಯಾಣ’ವೆಂಬ ಪ್ರಸಂಗವನ್ನು ರಚಿಸಿದನು. ರಾಜಕುಮಾರಿಯರೂ ಮಾಂತ್ರಿಕರೂ ನಾಗಕನ್ಯೆಯರೂ ಬರುವ ಹೊಸ ಕಥೆಗಳು ಧಾರಾಳವಾಗಿ ಬರಲಿ. ಆದರೆ ರೋಗವು ಅಲ್ಲಿಯೂ ಬಿಟ್ಟಿಲ್ಲ. ಹೊಸ ಪ್ರಸಂಗಗಳಲ್ಲಿಯೂ ಯಾವ ಪಾತ್ರಕ್ಕೆ ಶಿಳ್ಳೆ ಬೀಳುವದೋ ಅದಕ್ಕಾಗಿ ಕಥೆಯು ತಿರುಚಲ್ಪಡುವದು. ಹಾಸ್ಯಗಾರನಿಗೆ ಅರ್ಧ ತಾಸು ಹೆಚ್ಚಾಗುವದು. ತಾಯಿ, ಮಂತ್ರಿ, ದೂತ ಮೊದಲಾದವರು ಬಂದು ಒಂದು ಮಾತಾಡಿ ಚೌಕಿಗೆ ಮರಳುವರು. ಹೊಸ ಪಾತ್ರೆಗೆ ಸುರಿದ ಮಾತ್ರಕ್ಕೆ ಹುಳಿ ಮಜ್ಜಿಗೆಯು ಸಿಹಿಯಾಗದು.

ಈ ರೋಗಕ್ಕೆ ಈಗ ಮೊಬೈಲು ಮತ್ತಷ್ಟು ಬಲವನ್ನು ಕೊಟ್ಟಿದೆ. ಬೆಂಗಳೂರು ಮುಂಬಯಿಗಳಲ್ಲಿರುವ ನಮ್ಮ ಮಕ್ಕಳು ಐದು ನಿಮಿಷಗಳ ತುಣುಕುಗಳನ್ನು ನೋಡಿ ಊರಿನ ನೆನಪನ್ನು ತೀರಿಸಿಕೊಳ್ಳುವರು. ಅದು ತಪ್ಪಲ್ಲ. ಆದರೆ ತುಣುಕಿನಲ್ಲಿ ಬರುವದು ಯಾವಾಗಲೂ ಪ್ರವೇಶವೂ ಏರು ಪದ್ಯವೂ. ಸೈರಂಧ್ರಿಯ ಪ್ರಶ್ನೆಯು ತುಣುಕಾಗಿ ಬರುವದನ್ನು ನಾನು ಕಾಣೆನು. ತುಣುಕನ್ನು ನೋಡಿ ಬೆಳೆದವರು ಬಯಲಿಗೆ ಬಂದಾಗಲೂ ತುಣುಕನ್ನೇ ಕೇಳುವರು.

ಪರಿಹಾರವೇನೆಂದರೆ, ಪ್ರೇಕ್ಷಕರಲ್ಲಿ ನನ್ನ ಬಿನ್ನಹವು ಒಂದೇ: ಚಹಕ್ಕೆ ಏಳುವದಾದರೆ ಕೀಚಕನ ಆರನೆಯ ಆವೃತ್ತಿಯ ಕುಣಿತಕ್ಕೆ ಏಳಿರಿ, ಸೈರಂಧ್ರಿಯ ಮೊದಲನೆಯ ಪದ್ಯಕ್ಕೆ ಕುಳಿತಿರಿ. ಆಟವನ್ನು ಆಡಿಸುವವರು ಕೀಚಕನಾರೆಂದು ವಿಚಾರಿಸುವಷ್ಟೇ ಆಸ್ಥೆಯಿಂದ ಸೈರಂಧ್ರಿ ಯಾರೆಂದು ವಿಚಾರಿಸಲಿ. ಅವಳ ಹೆಸರನ್ನೂ ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕಲಿ. ಕೆರೆಮನೆ ಗಜಾನನ ಹೆಗಡೆಯವರಂತಹ ಸ್ತ್ರೀವೇಷಧಾರಿಗಳನ್ನು ಕಂಡ ಸೀಮೆಯಿದು. ಆ ಪರಂಪರೆಗೆ ಎರಡನೆಯ ಪಂಕ್ತಿಯು ತಕ್ಕುದಲ್ಲ. ಮೇಳದವರು ಕಾಲವನ್ನು ಉಳಿಸಬೇಕಾದಲ್ಲಿ ಆವೃತ್ತಿಗಳನ್ನು ಕಡಿಮೆ ಮಾಡಲಿ, ಸಂದರ್ಭಗಳನ್ನು ಕಡಿಯದಿರಲಿ.

ಅಲಮತಿವಿಸ್ತರೇಣ. ಈ ವರುಷ ದೀಪಾವಳಿ ಕಳೆದ ಮೇಲೆ ನಮ್ಮೂರ ಬಯಲಿನಲ್ಲಿ ಮತ್ತೆ ಚಂಡೆಯ ಸದ್ದು ಕೇಳುವದು. ಮಗಳನ್ನು ಕರೆದುಕೊಂಡು ಹೋಗುವೆನು. ಸಭೆಯ ನಡುವೆ ಬಿದ್ದವಳು ಎದ್ದು ನ್ಯಾಯವನ್ನು ಕೇಳುವಾಗ ವಿರಾಟನೂ ಕಂಕನೂ ಸುಮ್ಮನಿರುವರು. ಕಥೆಯು ಅವರಿಗೆ ಹಾಗೆಂದು ವಿಧಿಸಿದೆ. ನಮಗೆ ಅಂತಹ ವಿಧಿಯಿಲ್ಲ. ಆ ಹೊತ್ತಿನಲ್ಲಿ ಕುಳಿತಲ್ಲಿಂದ ಏಳದೆ ಅವಳ ಮಾತನ್ನು ಕೊನೆಯವರೆಗೆ ಕೇಳುವವರು ಎಷ್ಟು ಜನರಿರುವರೆಂದು ನಾವಿಬ್ಬರೂ ಎಣಿಸಿ ನೋಡುವೆವು.